ನೂರು ಡಿಗ್ರಿಯಲ್ಲೂ ಕುದಿಯದ ನೀರು: ಒಂದು ಮರುಬೋಧನೆಯ ಅನುಭವ

ಬೋಧನಾಭ್ಯಾಸದ ಎರಡನೆಯ ವಾರ ಪುತ್ತೂರು ತಾಲ್ಲೂಕಿನ ಒಂದು ಪ್ರೌಢಶಾಲೆಯ 8ನೇ ತರಗತಿಗೆ ನಾನು ಬಿಸಿನೀರಿನ ಬುಗ್ಗೆ ಮತ್ತು ಗೀಸರ್‌ಗಳ ಪಾಠ ಮಾಡಿದೆ. ಪಾಠಯೋಜನೆ ಅಚ್ಚುಕಟ್ಟಾಗಿತ್ತು, ಚಾರ್ಟ್ ಕೂಡ ಚೆನ್ನಾಗಿತ್ತು. ಆದರೂ ಆ ಪಾಠ ಸೋತಿತು. ಸೋತದ್ದು ಎಲ್ಲಿ, ಮರುದಿನ ಅದನ್ನು ಹೇಗೆ ತಿದ್ದಿಕೊಂಡೆ ಎಂಬುದನ್ನು ಸಹಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪಾಠ

ಗೀಸರ್ ಎಂದೊಡನೆ ಮಕ್ಕಳು ಹೇಳಿದ್ದು ಬಚ್ಚಲುಮನೆಯ ಗೀಸರನ್ನು. ಆ ಹೆಸರು ಐಸ್‌ಲ್ಯಾಂಡಿನ 'ಗೇಸಿರ್' ಎಂಬ ಬುಗ್ಗೆಯಿಂದ ಬಂದದ್ದು ಎಂದು ತಿಳಿಸಿದೆ. ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದ 'ಓಲ್ಡ್ ಫೇಯ್ತ್‌ಫುಲ್' ಚಿತ್ರ ತೋರಿಸಿದೆ. ಅದರ ನೀರು 30ರಿಂದ 55 ಮೀಟರ್ ಎತ್ತರಕ್ಕೆ ಚಿಮ್ಮುತ್ತದೆ. ಬಳಿಕ ವಿವರಣೆಗೆ ಬಂದೆ: "ಶಿಲಾಪಾಕದ ಶಾಖದಿಂದ ನೀರು 100 ಡಿಗ್ರಿಗೆ ಕಾದು ಕುದಿಯುತ್ತದೆ, ಕುಕ್ಕರಿನ ಸೀಟಿಯಂತೆ ಹೊರಗೆ ಹಾರುತ್ತದೆ."

ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಟೀಚರ್, ನಮ್ಮ ಇರ್ದೆಯ ಬೆಂದ್ರ್ ತೀರ್ಥದಲ್ಲಿಯೂ ಬಿಸಿನೀರು ಉಂಟಲ್ಲ, ಅದು ಯಾಕೆ ಹಾರುವುದಿಲ್ಲ?" ಅವನು ಕೂರುವ ಮೊದಲೇ ಒಬ್ಬಳು ಹುಡುಗಿ ಕೇಳಿದಳು: "ನೀರು ಯಾವಾಗಲೂ ಕುದಿಯುತ್ತಾ ಇರುವುದಾದರೆ ಅದು ಯಾವಾಗಲೂ ಹಾರಬೇಕಲ್ಲ ಟೀಚರ್? ನಡುವೆ ನಿಲ್ಲುವುದು ಯಾಕೆ?"

ನನ್ನಲ್ಲಿ ಉತ್ತರವಿರಲಿಲ್ಲ. "ಅದನ್ನು ಮುಂದಿನ ತರಗತಿಯಲ್ಲಿ ಕಲಿಯುತ್ತೀರಿ" ಎಂದು ಮುಂದೆ ಸಾಗಿದೆ. ವೀಕ್ಷಣೆಗೆ ಕುಳಿತಿದ್ದ ಮೇಡಂ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: 'ಇವತ್ತಿನ ಪಾಠದ ಎರಡು ಒಳ್ಳೆಯ ಪ್ರಶ್ನೆಗಳನ್ನು ಮಕ್ಕಳು ಕೇಳಿದರು, ನೀವು ಕೇಳಿಸಿಕೊಳ್ಳಲಿಲ್ಲ.' ಅಂದು ರಾತ್ರಿ ಆ ಸಾಲೇ ನನ್ನನ್ನು ಓದಲು ಕೂರಿಸಿತು.

ತಪ್ಪು ಎಲ್ಲಿತ್ತು?

ನೀರು ಎಲ್ಲೆಡೆಯೂ 100 ಡಿಗ್ರಿಯಲ್ಲೇ ಕುದಿಯುತ್ತದೆ ಎಂದು ನಾನೇ ನಂಬಿಕೊಂಡಿದ್ದೆ. ಅದು ಸಮುದ್ರಮಟ್ಟದ ಒತ್ತಡದಲ್ಲಿ ಮಾತ್ರ ನಿಜ. ಓಲ್ಡ್ ಫೇಯ್ತ್‌ಫುಲ್ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿ ನೆಲದ ಮೇಲೆ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಆಳಕ್ಕೆ ಹೋದಂತೆ ಕತೆ ತಿರುಗುಮುರುಗು. ಪ್ರತಿ 10 ಮೀಟರ್ ನೀರು ಸರಿಸುಮಾರು ಒಂದು ವಾಯುಮಂಡಲದಷ್ಟು ಒತ್ತಡವನ್ನು ಹೆಚ್ಚಿಸುತ್ತದೆ. ಸಮುದ್ರಮಟ್ಟದ ಲೆಕ್ಕದಲ್ಲಿ 10 ಮೀಟರ್ ಆಳದ ನೀರು ಕುದಿಯಲು ಸುಮಾರು 120 ಡಿಗ್ರಿ ಬೇಕು.

1846ರಲ್ಲಿ ಐಸ್‌ಲ್ಯಾಂಡಿಗೆ ಹೋದ ರಸಾಯನವಿಜ್ಞಾನಿ ರಾಬರ್ಟ್ ಬುನ್ಸೆನ್ ಗೇಸಿರ್‌ನ ಕೊಳವೆಯೊಳಗಿನ ಉಷ್ಣತೆಯನ್ನು ಅಳೆದು ಈ ಗುಟ್ಟನ್ನು ವಿವರಿಸಿದರು. ಮೇಲಿನ ನೀರಿನ ಭಾರ ಮುಚ್ಚಳದಂತೆ ಕೂತಿರುವುದರಿಂದ ಆಳದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕಾಯುತ್ತದೆ. ಕೊನೆಗೆ ಗುಳ್ಳೆಗಳು ಎದ್ದು ಮೇಲಿನ ಸ್ವಲ್ಪ ನೀರನ್ನು ಹೊರಗೆ ಚೆಲ್ಲುತ್ತವೆ. ಭಾರ ಕಡಿಮೆಯಾಗುತ್ತದೆ, ಕೆಳಗಿನ ಒತ್ತಡ ಇಳಿಯುತ್ತದೆ. ಅದುವರೆಗೆ ಕಾಯುತ್ತಿದ್ದ ನೀರು ಥಟ್ಟನೆ ಆವಿಯಾಗಿ ಹಿಗ್ಗಿ ಉಳಿದ ನೀರನ್ನು ಎತ್ತಿ ಎಸೆಯುತ್ತದೆ. ಕೊಳವೆ ಬರಿದಾದ ಮೇಲೆ ಮತ್ತೆ ತುಂಬಬೇಕು, ಮತ್ತೆ ಕಾಯಬೇಕು. ನಡುವೆ ನಿಲ್ಲುವುದು ಅದಕ್ಕೇ.

ಮರುಬೋಧನೆ

ಮರುದಿನ ಹತ್ತು ನಿಮಿಷ ಕೇಳಿ ಪಡೆದೆ. "ನಿನ್ನೆ ನಾನು ಹೇಳಿದ್ದರಲ್ಲಿ ತಪ್ಪಿತ್ತು" ಎಂದೇ ಆರಂಭಿಸಿದೆ. ಸೂಜಿಯಿಲ್ಲದ ಸಿರಿಂಜಿಗೆ ಸುಮಾರು 80 ಡಿಗ್ರಿಯ ಸ್ವಲ್ಪ ನೀರನ್ನು ಎಳೆದುಕೊಂಡು, ಒಳಗಿನ ಗಾಳಿ ತೆಗೆದು, ತುದಿಯನ್ನು ರಬ್ಬರ್ ಬಿರಡೆಯಿಂದ ಮುಚ್ಚಿ ಹಿಡಿಯನ್ನು ಹಿಂದಕ್ಕೆ ಎಳೆದೆ. ನೀರು ಗುಳುಗುಳು ಕುದಿಯಿತು. ಹಿಡಿ ಬಿಟ್ಟೊಡನೆ ಕುದಿ ನಿಂತಿತು. (ಬಿಸಿನೀರನ್ನು ಶಿಕ್ಷಕರೇ ಬಟ್ಟೆ ಸುತ್ತಿದ ಕೈಯಲ್ಲಿ ಹಿಡಿಯಬೇಕು.) "ಬೆಂಕಿ ಇಲ್ಲ, ಮತ್ತೆ ಕುದಿದದ್ದು ಹೇಗೆ?" ಎಂದು ಕೇಳಿದೆ. "ಒತ್ತಡ ಕಡಿಮೆ ಆಯಿತು" ಎಂದದ್ದು ಅದೇ ಹುಡುಗಿ.

ಆಮೇಲೆ ಬೆಂದ್ರ್ ತೀರ್ಥದ ಪ್ರಶ್ನೆ. ಗೀಸರ್ ಆಗಲು ಮೂರು ಬೇಕು: ಭಾರೀ ಶಾಖ, ಸಾಕಷ್ಟು ನೀರು, ಒತ್ತಡ ತಡೆಯುವ ಗಟ್ಟಿ ಇಕ್ಕಟ್ಟಾದ ಕೊಳವೆ. ಓಲ್ಡ್ ಫೇಯ್ತ್‌ಫುಲ್‌ನ ಕೊಳವೆ ಸುಮಾರು 7 ಮೀಟರ್ ಆಳದಲ್ಲಿ 11 ಸೆಂ.ಮೀ. ಮಾತ್ರ ಅಗಲ. ಬಿಸಿನೀರು ಬಂಡೆಯಿಂದ ಕರಗಿಸಿ ತರುವ ಸಿಲಿಕಾ ಇಂಥ ಕೊಳವೆಗಳಿಗೆ ಒಳಗಿನಿಂದ ಗಾರೆ ಬಳಿಯುತ್ತದೆ. ನಮ್ಮ ಇರ್ದೆಯ ಹತ್ತಿರ ಜ್ವಾಲಾಮುಖಿಯಿಲ್ಲ. ಜ್ವಾಲಾಮುಖಿಯಿಲ್ಲದ ಕಡೆ ಮಳೆನೀರು ಬಿರುಕುಗಳಲ್ಲಿ ಆಳಕ್ಕಿಳಿದು ಕಾದು ಮೇಲೆ ಬರುತ್ತದೆ. ಭೂಮಿಯಲ್ಲಿ ಸಾಮಾನ್ಯವಾಗಿ ಪ್ರತಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಉಷ್ಣತೆ ಏರುತ್ತದೆ. ಬೆಂದ್ರ್ ತೀರ್ಥದ ನೀರು ಮೀಯುವಷ್ಟು ಬೆಚ್ಚಗಷ್ಟೇ ಇದೆ, ಕುದಿಯಿಂದ ಬಹು ದೂರ. ಹಾಗಾಗಿ ಅದು ಹರಿಯುತ್ತದೆ, ಹಾರುವುದಿಲ್ಲ. ಪ್ರಶ್ನೆ ಕೇಳಿದ್ದ ಹುಡುಗನಿಗೆ ಸಮಾಧಾನವಾಯಿತು.

ಮೌಲ್ಯಮಾಪನ

ಕೊನೆಗೆ ಒಂದೇ ಪ್ರಶ್ನೆ ಕೊಟ್ಟೆ: ಓಲ್ಡ್ ಫೇಯ್ತ್‌ಫುಲ್ ಒಮ್ಮೆ ಸ್ವಲ್ಪ ಹೊತ್ತು ಮಾತ್ರ ಚಿಮ್ಮಿದರೆ ಮುಂದಿನ ಸಲ ಬೇಗ ಬರುತ್ತದೆಯೋ, ತಡವಾಗಿಯೋ? "ಟ್ಯಾಂಕಿಯಲ್ಲಿ ಸ್ವಲ್ಪವೇ ಖಾಲಿಯಾದರೆ ಬೇಗ ತುಂಬುತ್ತದೆ, ಆದ್ದರಿಂದ ಬೇಗ" ಎಂದು ಹಲವರು ಬರೆದರು. ಅದು ಸರಿಯುತ್ತರ. ಆದರೆ ಕೆಲವರ ಹಾಳೆಯಲ್ಲಿ 'ಒತ್ತಡ ಹೆಚ್ಚಾಗಿ ಸಿಡಿಯುತ್ತದೆ' ಎಂಬ ಮಾತು ಉಳಿದೇ ಇತ್ತು. ಅದು ನನ್ನ ಕುಕ್ಕರ್ ಸೀಟಿಯ ಫಲ. ಕುಕ್ಕರನ್ನು ಬಳಸಲಿ, ಆದರೆ ಒತ್ತಡದಲ್ಲಿ ನೀರು ತಡವಾಗಿ ಕುದಿಯುತ್ತದೆ ಎಂಬುದಕ್ಕೆ ಮಾತ್ರ. ಚಿಮ್ಮುವುದಕ್ಕೆ ಸಿರಿಂಜೇ ಸರಿ.

ಪಾಠಯೋಜನೆಯಲ್ಲಿ 'ಮಕ್ಕಳು ಕೇಳಬಹುದಾದ ಪ್ರಶ್ನೆಗಳು' ಎಂಬ ಒಂದು ಕಾಲಂ ಈಗ ನಾನೇ ಎಳೆದುಕೊಳ್ಳುತ್ತೇನೆ. ಅದು ತುಂಬದಿದ್ದರೆ ನನ್ನ ತಯಾರಿ ಮುಗಿದಿಲ್ಲವೆಂದೇ ಲೆಕ್ಕ.