ಅಕ್ಷರದ ಪಕ್ಕದ ಬಿಳಿ ಜಾಗ
(ಕೈಬರಹದ ಫಾಂಟಿನಲ್ಲಿ ಅಂತರದ ದೋಷ ಹುಡುಕಿ ಸರಿಪಡಿಸುವ ಪಾಠ)



ಕಿರಾಣಿ ಅಂಗಡಿಯ ಚೀಟಿಯಲ್ಲಿ ‘ಕಲ್ಲುಸಕ್ಕರೆ’ ಎಂದು ಬರೆದರೆ ಒಂದು ಪದಾರ್ಥ ಬರುತ್ತದೆ. ಅದನ್ನೇ ‘ಕಲ್ಲು ಸಕ್ಕರೆ’ ಎಂದು ಬಿಡಿಸಿ ಬರೆದರೆ ಕಲ್ಲು ಬೇರೆ, ಸಕ್ಕರೆ ಬೇರೆ ಆಯ್ತು! ಒಂದು ಅಕ್ಷರವೂ ಬದಲಾಗಿಲ್ಲ. ನಡುವೆ ಸ್ವಲ್ಪ ಖಾಲಿ ಜಾಗ ಸೇರಿದೆ, ಅಷ್ಟೇ. ಇದರಿಂದ ತಿಳಿಯುವುದೇನೆಂದರೆ, ಮಸಿ ಇರುವ ಜಾಗದಷ್ಟೇ ಮಸಿ ಇಲ್ಲದ ಜಾಗವೂ ಅರ್ಥ ಹೇಳುತ್ತದೆ.

ನಮ್ಮ ಕೈಬರಹವನ್ನು ಕಂಪ್ಯೂಟರಿನ ಫಾಂಟ್ ಮಾಡುವಾಗ ಹೆಚ್ಚಿನವರು ಸೋಲುವುದು ಇಲ್ಲಿಯೇ. ಅಕ್ಷರಗಳು ಮುದ್ದಾಗಿರುತ್ತವೆ, ಆದರೆ ಪದ ಟೈಪ್ ಮಾಡಿದರೆ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ದೊಡ್ಡವರು ಹೇಗೋ ಊಹಿಸಿ ಓದಿಕೊಳ್ತಾರೆ. ಒಂದನೇ ತರಗತಿಯ ಮಕ್ಕಳು ಒಂದೊಂದೇ ಅಕ್ಷರ ಕೂಡಿಸಿ ಓದುವವರು. ಗುರುಗಳ ದುಂಡನೆಯ ಬರಹವನ್ನು ಫಾಂಟ್ ಮಾಡಿ ನಲಿ-ಕಲಿ ಕಾರ್ಡು ಮುದ್ರಿಸಿದರೆ ಒಳ್ಳೆಯದೇ. ಆದರೆ ಪದ ಎಲ್ಲಿ ಮುಗಿಯಿತು ಎಂದು ಮಗುವಿಗೆ ತಿಳಿಯದಿದ್ದರೆ ಆ ಕಾರ್ಡಿನಿಂದ ಏನು ಉಪಯೋಗ? ಆದ್ದರಿಂದ ಈ ವಿಷಯ ಕಲಿಯೋಣ.

ಕೈ ಮಾಡುವ ಕೆಲಸ

ಕೈಯಿಂದ ಬರೆಯುವಾಗ ನಾವು ಅಂತರವನ್ನು ಅಳೆಯುವುದಿಲ್ಲ. ‘ಕ್ಕ’ ಬರೆದ ಮೇಲೆ ಒತ್ತಕ್ಷರದ ಬಾಲ ನೋಡಿ ಮುಂದಿನ ಅಕ್ಷರವನ್ನು ಕೈ ತಾನೇ ಸರಿಸಿ ಬರೆಯುತ್ತದೆ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಅವರು ಮಂಗಳೂರಿನಲ್ಲಿ ಹೊರಡಿಸಿದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾಗಿತ್ತು. ಕಲ್ಲಚ್ಚಿನಲ್ಲಿ ಇಡೀ ಪುಟವನ್ನು ಕೈಯಿಂದಲೇ ಬರೆಯುವುದರಿಂದ ಅಂತರವನ್ನೂ ಕೈಯೇ ನೋಡಿಕೊಳ್ಳುತ್ತದೆ.

ಸೀಸದ ಅಚ್ಚುಮೊಳೆ ಬಂದಾಗ ಪ್ರತಿ ಅಕ್ಷರವೂ ಒಂದು ಬಿಡಿ ತುಂಡಾಯಿತು. ಅಕ್ಷರದ ಪಕ್ಕದ ಖಾಲಿ ಜಾಗವನ್ನೂ ಆ ತುಂಡಿನಲ್ಲೇ ಎರಕ ಹೊಯ್ಯಬೇಕಾಯಿತು. ಇಂದಿನ ಫಾಂಟ್ ಕೂಡ ಹಂಗೆಯೇ. ಸೀಸದ ಬದಲು ಅಂಕಿಗಳಿವೆ, ಅಷ್ಟೇ ವ್ಯತ್ಯಾಸ. ನಾವು ಬರೆದ ಸಾಲನ್ನು ಅಕ್ಷರ ಅಕ್ಷರವಾಗಿ ಕತ್ತರಿಸಿದಾಗ, ಕೈ ಕೊಟ್ಟಿದ್ದ ಅಂತರ ಕಳೆದುಹೋಗುತ್ತದೆ. ಅದನ್ನು ಲೆಕ್ಕ ಹಾಕಿ ಮರಳಿ ಕೊಡುವುದೇ ಫಾಂಟ್ ಮಾಡುವವರ ಕೆಲಸ.

ಫಾಂಟಿನೊಳಗೆ ಜಾಗ ಎಲ್ಲಿದೆ?

ಪ್ರತಿ ಅಕ್ಷರವೂ ಒಂದು ಚೀಟಿಯ ಮೇಲೆ ಇದೆ ಎಂದು ತಿಳಿಯಿರಿ. ಕಂಪ್ಯೂಟರ್ ಚೀಟಿಗೆ ಚೀಟಿ ತಾಗಿಸಿ ಜೋಡಿಸುತ್ತದೆ. ಚೀಟಿಯಲ್ಲಿ ಮೂರು ಅಳತೆಗಳಿವೆ:

ಎಡ ಅಂಚು: ಮಸಿ ಶುರುವಾಗುವ ಮೊದಲಿನ ಬಿಳಿ ಜಾಗ.
ಮಸಿಯ ಅಗಲ: ಅಕ್ಷರದ ಸ್ವಂತ ಅಗಲ.
ಬಲ ಅಂಚು: ಮಸಿ ಮುಗಿದ ಮೇಲಿನ ಬಿಳಿ ಜಾಗ.

ಮೂರೂ ಕೂಡಿದರೆ ಚೀಟಿಯ ಒಟ್ಟು ಅಗಲ. ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶದಲ್ಲಿ ಅಕ್ಷರದ ಚೌಕವನ್ನು ಸಾಮಾನ್ಯವಾಗಿ 1000 ಭಾಗ ಮಾಡಿ ಅಳೆಯುತ್ತಾರೆ. ಉದಾಹರಣೆಗೆ ‘ರ’ದ ಮಸಿ 500 ಭಾಗ, ಎಡ ಅಂಚು 40, ಬಲ ಅಂಚು 40 ಎಂದುಕೊಳ್ಳಿ. ಒಟ್ಟು ಅಗಲ 580. ಎರಡು ‘ರ’ ಪಕ್ಕಪಕ್ಕ ಬಂದರೆ ನಡುವಿನ ಬಿಳಿ ಜಾಗ 40 + 40 = 80 ಭಾಗ.

ಪರೀಕ್ಷೆಯ ಪದಗಳು

ವೈದ್ಯರು ನಾಡಿ ನೋಡುವ ಹಾಗೆ ಫಾಂಟಿಗೂ ಪರೀಕ್ಷೆ ಉಂಟು. ವರ್ಣಮಾಲೆಯ 49 ಅಕ್ಷರಗಳನ್ನು ಸಾಲಾಗಿ ಟೈಪ್ ಮಾಡಿದರೆ ದೋಷ ಕಾಣುವುದಿಲ್ಲ, ಪದಗಳನ್ನೇ ಟೈಪ್ ಮಾಡಬೇಕು. ನಮ್ಮ ಸೀಮೆಯ ಪದಗಳೇ ಸಾಕು ನೋಡ್ರಿ:

ಹರಿಹರ, ದಾವಣಗೆರೆ, ತುಂಗಭದ್ರಾ, ಬೆಣ್ಣೆದೋಸೆ, ನೀರು, ಕರ್ನಾಟಕ, ಎಲ್ಲಮ್ಮ.

‘ಹರಿಹರ’ದಲ್ಲಿ ಮೂರು ಅಂತರಗಳಿವೆ. ಮೂರೂ ಕಣ್ಣಿಗೆ ಒಂದೇ ಸಮ ಕಾಣಬೇಕು. ನಡುವಿನದು ಹೆಚ್ಚಾದರೆ ‘ಹರಿ ಹರ’ ಆಗಿಬಿಡುತ್ತದೆ. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಹರಿಯೂ ಹರನೂ ಒಂದೇ ಮೂರ್ತಿ. ನಮ್ಮ ಫಾಂಟು ಅವರನ್ನು ಬೇರೆ ಮಾಡಬಾರದು!

ದೋಷಗಳು, ಕಾರಣಗಳು, ಪರಿಹಾರಗಳು

1. ಎಲ್ಲಾ ಅಕ್ಷರಗಳೂ ದೂರ ದೂರ ನಿಂತಿವೆ.
ಕಾರಣ: ಚೌಕುಳಿ ಹಾಳೆಯಲ್ಲಿ ಬರೆದು ಸ್ಕ್ಯಾನ್ ಮಾಡಿದಾಗ ಇಡೀ ಚೌಕದ ಅಗಲವೇ ಅಕ್ಷರದ ಅಗಲವಾಗಿ ಉಳಿದಿದೆ. ಮಸಿ 500, ಚೌಕ 1000 ಆದರೆ ಎರಡು ಅಕ್ಷರಗಳ ನಡುವೆ 500 ಭಾಗ ಖಾಲಿ! ಅಂದರೆ ಇನ್ನೊಂದು ಅಕ್ಷರ ಕೂರುವಷ್ಟು ಜಾಗ.
ಪರಿಹಾರ: ಮೊದಲು ‘ರ’ ಒಂದನ್ನೇ ಸರಿಮಾಡಿ. ‘ರರರರ’ ಎಂದು ಟೈಪ್ ಮಾಡಿ ಸಾಲು ಹಿತವಾಗಿ ಕಾಣುವವರೆಗೆ ಎರಡೂ ಅಂಚು ತಗ್ಗಿಸಿ. ಆಮೇಲೆ ‘ರನರ’, ‘ರಮರ’, ‘ರಹರ’ ಹೀಗೆ ಒಂದೊಂದೇ ಅಕ್ಷರವನ್ನು ‘ರ’ಗಳ ನಡುವೆ ಕೂರಿಸಿ ನೋಡಿ. ‘ರ’ ನಮ್ಮ ಅಳತೆಗೋಲು. ಎಲ್ಲಾ ಅಕ್ಷರಕ್ಕೂ 40 ಎಂದೇ ಕೊಡಬೇಡಿ. ದುಂಡು ಬದಿಯ ಅಕ್ಷರಕ್ಕೆ ಸ್ವಲ್ಪ ಕಡಿಮೆ, ನೆಟ್ಟಗಿನ ಬದಿಗೆ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಯಾಕೆ ಅಂದ್ರೆ ದುಂಡು ಬದಿಯ ಮೇಲೂ ಕೆಳಗೂ ಖಾಲಿ ಜಾಗ ತಾನಾಗಿಯೇ ಉಳಿಯುತ್ತದೆ.

2. ಪದಗಳೆಲ್ಲ ಅಂಟಿಕೊಂಡಿವೆ.
ಕಾರಣ: ಖಾಲಿ ಜಾಗವೂ ಫಾಂಟಿನಲ್ಲಿ ಒಂದು ಅಕ್ಷರ. ಅದಕ್ಕೆ ಮಸಿ ಇಲ್ಲ, ಅಗಲ ಮಾತ್ರ ಇದೆ. ಹಾಳೆಯಲ್ಲಿ ಬರೆಯುವಂಥದ್ದು ಏನೂ ಇಲ್ಲದ ಕಾರಣ ಅದು ಮರೆತುಹೋಗುತ್ತದೆ.
ಪರಿಹಾರ: ಅದಕ್ಕೆ 250 ಭಾಗ ಕೊಟ್ಟು ಶುರುಮಾಡಿ. ಆಗ ಪದಗಳ ನಡುವೆ 40 + 250 + 40 = 330 ಭಾಗ. ಇದು ಅಕ್ಷರಗಳ ನಡುವಿನ 80ರ ನಾಲ್ಕು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಈ ವ್ಯತ್ಯಾಸ ಚೆನ್ನಾಗಿದ್ದರೆ ಮಗುವಿಗೂ ಪದ ತಿಳಿಯುತ್ತದೆ.

3. ಸೊನ್ನೆ, ದೀರ್ಘ, ಅರ್ಕಾವೊತ್ತು ಒಂಟಿಯಾಗಿ ನಿಂತಿವೆ.
ಕಾರಣ: ಇವಕ್ಕೂ ಬೇರೆ ಅಕ್ಷರಗಳಷ್ಟೇ ಎಡ ಅಂಚು ಕೊಟ್ಟಿದ್ದಾರೆ. ಆದರೆ ಇವು ಸ್ವತಂತ್ರ ಅಕ್ಷರಗಳಲ್ಲವಲ್ಲ! ‘ತುಂಗಭದ್ರಾ’ದ ಸೊನ್ನೆ ‘ತು’ವಿನ ಕೂಸು. ಅದು ತಾಯಿಯ ಹತ್ತಿರ ಇರಬೇಕು, ‘ಗ’ದಿಂದ ದೂರ. ‘ನೀರು’ ಪದದ ದೀರ್ಘ ದೂರ ಸರಿದರೆ ಓದುವವರು ‘ನಿ’ ಎಂದು ನಿಲ್ಲಿಸಿಬಿಡ್ತಾರೆ. ‘ಕರ್ನಾಟಕ’ ಟೈಪ್ ಮಾಡುವಾಗ ‘ರ್’ ಮೊದಲು, ‘ನಾ’ ಆಮೇಲೆ. ತೆರೆಯ ಮೇಲೆ ‘ನಾ’ ಮೊದಲು, ಅರ್ಕಾವೊತ್ತು ಆಮೇಲೆ. ಆದ್ದರಿಂದ ಅದು ‘ನಾ’ಗೆ ಒರಗಿ ನಿಲ್ಲಬೇಕು, ‘ಟ’ಕ್ಕೆ ಅಲ್ಲ.
ಪರಿಹಾರ: ಸೊನ್ನೆಯ ಎಡ ಅಂಚು 10, ಬಲ ಅಂಚು 40 ಮಾಡಿ. ಹಿಂದಿನ ಅಕ್ಷರದಿಂದ 50, ಮುಂದಿನ ಅಕ್ಷರಕ್ಕೆ 80 ಅಂತರ ಆಗುತ್ತದೆ. ದೀರ್ಘಕ್ಕೆ ಎಡ ಅಂಚನ್ನು ಸೊನ್ನೆಗಿಂತ ಕೆಳಗೂ ಇಳಿಸಬಹುದು. ಋಣ 20 ಕೊಟ್ಟರೆ 40 – 20 = 20 ಭಾಗ ಮಾತ್ರ ಉಳಿಯುತ್ತದೆ. ಗಣಿತದ ಋಣ ಸಂಖ್ಯೆ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರ್ತದೆ!

4. ಒತ್ತಕ್ಷರ ಬಂದಲ್ಲೆಲ್ಲ ಹಳ್ಳ ಬಿದ್ದಿದೆ.
ಇದು ಕನ್ನಡಕ್ಕೆ ವಿಶೇಷವಾದ ದೋಷ, ಎಲ್ಲಕ್ಕಿಂತ ಕಷ್ಟದ್ದೂ ಹೌದು. ಒತ್ತು ಅಕ್ಷರದ ಕೆಳಗೆ ಬಲಕ್ಕೆ ಇಳಿಯುತ್ತದೆ. ‘ಕ್ಕ’ದಲ್ಲಿ ಒತ್ತು ಮೇಲಿನ ಅಕ್ಷರಕ್ಕಿಂತ 150 ಭಾಗ ಬಲಕ್ಕೆ ಚಾಚಿದೆ ಎಂದುಕೊಳ್ಳಿ. ತಂತ್ರಾಂಶ ತಾನಾಗಿ ಅಳೆದರೆ ಒತ್ತಿನ ತುದಿಯಿಂದ ಬಲ ಅಂಚು ಕೊಡುತ್ತದೆ. ಆಗ ಮೇಲಿನ ಸಾಲಿನಲ್ಲಿ 150 + 40 + 40 = 230 ಭಾಗದ ಹಳ್ಳ. ‘ಸಕ್ಕರೆ’ ಹೋಗಿ ‘ಸಕ್ಕ ರೆ’ ಆಯ್ತು.
ಪರಿಹಾರ: ಕಣ್ಣು ಓದುವುದು ಮೇಲಿನ ಸಾಲನ್ನು. ಆದ್ದರಿಂದ ಬಲ ಅಂಚನ್ನು ಋಣ 50ಕ್ಕೆ ಇಳಿಸಿ. ಹಳ್ಳ 140ಕ್ಕೆ ಬರುತ್ತದೆ, ಒತ್ತಿನ ತುದಿ ಮುಂದಿನ ಅಕ್ಷರದ ಅಡಿಗೆ 10 ಭಾಗ ಮಾತ್ರ ತೂರುತ್ತದೆ. ಅಲ್ಲಿ ಜಾಗ ಖಾಲಿ ಇರುವುದರಿಂದ ತೊಂದರೆ ಇಲ್ಲ.
ಆದರೆ ‘ಎಲ್ಲಮ್ಮ’ ಟೈಪ್ ಮಾಡಿ ನೋಡಿ. ಒತ್ತಿನ ಪಕ್ಕದಲ್ಲೇ ಇನ್ನೊಂದು ಒತ್ತು! ಎರಡೂ ಡಿಕ್ಕಿ ಹೊಡೆಯಬಹುದು. ‘ಅಣ್ಣಯ್ಯ’, ‘ಅಪ್ಪಯ್ಯ’ ಕೂಡ ಇಂಥವೇ. ಇಂಥ ಜೋಡಿಗಳಿಗೆ ಮಾತ್ರ ಪ್ರತ್ಯೇಕವಾಗಿ ಅಂತರ ಹೆಚ್ಚಿಸಬೇಕು. ಇದಕ್ಕೆ ಕರ್ನಿಂಗ್ ಎನ್ನುತ್ತಾರೆ, ನಾವು ಜೋಡಿ ಹೊಂದಾಣಿಕೆ ಎನ್ನೋಣ. ಇದನ್ನು ಕೊನೆಗೇ ಮಾಡಬೇಕು. ಅಂಚುಗಳನ್ನು ಸರಿಮಾಡದೆ ಜೋಡಿಗಳಿಗೆ ಕೈಹಾಕಿದರೆ ಸಾವಿರ ಜೋಡಿ ತಿದ್ದಿದರೂ ಮುಗಿಯದು. 34 ವ್ಯಂಜನಗಳಿಗೆ 34 ಒತ್ತು ಅಂದರೇನೇ 1156 ಆಯಿತು.

5. ಅಂಕಿಗಳು ಸಾಲಾಗಿ ನಿಲ್ಲುವುದಿಲ್ಲ.
‘1’ ಸಣಕಲು, ‘8’ ದಪ್ಪ. ಅಂಕಪಟ್ಟಿಯಲ್ಲಿ ಒಂದರ ಕೆಳಗೆ ಒಂದು ಬರೆದಾಗ ಬಿಡಿ, ಹತ್ತು, ನೂರು ಸ್ಥಾನಗಳು ಕದಲುತ್ತವೆ. ಪರಿಹಾರ ಸುಲಭ: 0ಯಿಂದ 9ರವರೆಗೆ ಎಲ್ಲಾ ಅಂಕಿಗಳಿಗೂ ಒಟ್ಟು ಅಗಲ ಒಂದೇ ಇಡಿ. ‘1’ಕ್ಕೆ ಎರಡೂ ಬದಿ ಹೆಚ್ಚು ಬಿಳಿ ಸಿಗುತ್ತದೆ.

6. ತಿದ್ದಿದರೂ ಹಳೆಯದೇ ಕಾಣುತ್ತಿದೆ.
ಇಲ್ಲಿ ಅಕ್ಷರದ ದೋಷವಿಲ್ಲ. ಕಂಪ್ಯೂಟರ್ ಹಳೆಯ ಫಾಂಟನ್ನೇ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಹಳೆಯದನ್ನು ತೆಗೆದುಹಾಕಿ ಹೊಸದನ್ನು ಸೇರಿಸಿ, ಬರೆಯುವ ತಂತ್ರಾಂಶವನ್ನು ಮುಚ್ಚಿ ತೆರೆಯಿರಿ. ಪ್ರತಿ ಸಲ ಹೆಸರಿನ ಮುಂದೆ 1, 2, 3 ಎಂದು ಹಾಕಿಕೊಂಡರೆ ಗೊಂದಲವೇ ಇಲ್ಲ.

ಇನ್ನೊಂದು ಮಾತು

ಪರದೆಯ ಮೇಲೆ ದೊಡ್ಡದಾಗಿ ನೋಡಿ ತೃಪ್ತಿಪಡಬೇಡಿ. ಮಕ್ಕಳು ಓದುವ ಅಳತೆಯಲ್ಲೇ ಕಾಗದದ ಮೇಲೆ ಮುದ್ರಿಸಿ ಗೋಡೆಗೆ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಿ. ಸಾಲು ಒಂದೇ ಸಮನಾದ ಬೂದು ಪಟ್ಟಿಯಂತೆ ಕಂಡರೆ ಸರಿ. ಬಿಳಿ ಚುಕ್ಕೆ ಕಂಡಲ್ಲಿ ಅಂತರ ಹೆಚ್ಚಾಗಿದೆ, ಕಪ್ಪು ಗಂಟು ಕಂಡಲ್ಲಿ ಕಡಿಮೆಯಾಗಿದೆ. ಆಮೇಲೆ ಒಂದನೇ ತರಗತಿಯ ಮಗುವಿನ ಕೈಲಿ ಓದಿಸಿ. ಮಗು ತಡವರಿಸಿದ ಜಾಗವನ್ನು ಗುರುತು ಹಾಕಿ ಇನ್ನೊಮ್ಮೆ ಅಳೆಯಿರಿ.

ಬೇರೆಯವರು ಹೇಗೆ ಮಾಡಿದ್ದಾರೆ ಎಂದು ನೋಡುವ ಆಸೆಯಿದ್ದರೆ, ಅರವಿಂದ ವಿ.ಕೆ. ಅವರ ‘ನವಿಲು’ ಎಂಬ ಕೈಬರಹದ ಕನ್ನಡ ಫಾಂಟ್ ಮುಕ್ತವಾಗಿ ಸಿಗುತ್ತದೆ. ಅದನ್ನು ಫಾಂಟ್‌ಫೋರ್ಜ್‌ನಲ್ಲಿ ತೆರೆದು ಒತ್ತುಗಳಿಗೂ ಸೊನ್ನೆಗೂ ಎಷ್ಟೆಷ್ಟು ಅಂಚು ಇದೆ ಎಂದು ಓದಿಕೊಳ್ಳಬಹುದು.

ನೆನಪಿಡಿ

* ಮೊದಲು ಅಂಚು, ಆಮೇಲೆ ಪದಗಳ ನಡುವಿನ ಜಾಗ, ಕೊನೆಗೆ ಜೋಡಿ.
* ಸ್ಕೇಲಿನ ಸಮಕ್ಕಿಂತ ಕಣ್ಣಿನ ಸಮ ಮುಖ್ಯ.
* ಚಿಹ್ನೆಗಳು ತಮ್ಮ ಅಕ್ಷರದ ಹತ್ತಿರ, ಮುಂದಿನದರಿಂದ ದೂರ.

ಅಭ್ಯಾಸ (ಕಂಪ್ಯೂಟರ್ ಬೇಡ)

1. ಹ, ರಿ, ಹ, ರ ಇವನ್ನು ನಾಲ್ಕು ಚೀಟಿಗಳ ಮೇಲೆ ಬರೆದು, ಅಂಚು ಕತ್ತರಿಸುತ್ತಾ ಜೋಡಿಸಿ. ಮೂರು ಅಂತರ ಸಮವಾಗುವವರೆಗೆ ಬಿಡಬೇಡಿ.
2. ‘ಬೆಣ್ಣೆದೋಸೆ’ಯಲ್ಲಿ ಯಾವ ಒತ್ತು, ಯಾವ ದೀರ್ಘ ತೊಂದರೆ ಕೊಡಬಹುದು? ಕಾರಣ ಬರೆಯಿರಿ.
3. ಒಂದು ಅಕ್ಷರದ ಮಸಿ 620, ಎಡ ಅಂಚು 35, ಒಟ್ಟು ಅಗಲ 640. ಬಲ ಅಂಚು ಎಷ್ಟು? ಅದು ಧನವೋ ಋಣವೋ? ಇಂಥ ಅಕ್ಷರ ಯಾವುದಿರಬಹುದು?

ಉತ್ತರಗಳನ್ನು ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಕೆಳಗೆ ಸಿಕ್ಕಿಸಿ.