ಹನ್ನೆರಡು ಪರ್ಸೆಂಟ್ ಇರಲಿ, ಎಳೆ ಹೇಗಿದೆ?

ಪುಟ್ಟಿ,

ಹೋದ ಭಾನುವಾರ ಮಾಗಡಿಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದೆ: "ಮಾವ, ನನ್ನ ಡ್ರೈವರ್ ಹನ್ನೆರಡು ಪರ್ಸೆಂಟ್ ಫಾಸ್ಟ್ ಆಯ್ತು!" ನಿಮ್ಮತ್ತೆ ಯಾವುದೋ ಕಾರಿನ ಡ್ರೈವರ್ ವಿಷಯ ಅಂದುಕೊಂಡು "ನಿಧಾನಕ್ಕೆ ಓಡಿಸೋಕೆ ಹೇಳವ್ವ ಅವನಿಗೆ" ಅಂದಳು. ನಾವಿಬ್ಬರೂ ನಕ್ಕೆವು. ಆಮೇಲೆ ಯೋಚಿಸಿದರೆ ಅವಳ ಮಾತು ಪೂರ್ತಿ ತಪ್ಪೇನಲ್ಲ ಅನ್ನಿಸಿತು.

ಎಷ್ಟು ಸಲ ಓಡಿಸಿ ನೋಡಿದೆ ಅಂತ ಕೇಳಿದೆ. "ಮೂರು ಸಲ. ಮೂರನೆಯದರಲ್ಲಿ ಸರಿಯಾಗಿ ಬರಲಿಲ್ಲ, ಅದನ್ನ ಬಿಟ್ಟೆ" ಅಂದೆ. ಅಷ್ಟರಲ್ಲಿ ಊಟಕ್ಕೆ ಕರೆದರು, ಮಾತು ಅಲ್ಲಿಗೇ ನಿಂತಿತು. ನೀನು ಬಿಟ್ಟ ಆ ಒಂದು ಸಲದ ಬಗ್ಗೆ ಬರೆಯೋಣ ಅಂತ ಈಗ ಕೂತಿದ್ದೇನೆ.

ನಿಮ್ಮ ತಾತ ರಾಮನಗರದಲ್ಲಿ ಚರಕ ಇಟ್ಟುಕೊಂಡು ರೇಷ್ಮೆ ನೂಲು ತೆಗೆಸುತ್ತಿದ್ದ ಕಾಲ ನೀನು ನೋಡಿಲ್ಲ. ಗೂಡು ಬೇಯುವ ವಾಸನೆ ನಮ್ಮ ಬಟ್ಟೆಗೂ ಪುಸ್ತಕಕ್ಕೂ ಅಂಟಿಕೊಂಡಿರುತ್ತಿತ್ತು. ಕೆಲಸ ಹೇಳುವುದಕ್ಕೆ ಸುಲಭ. ಬಿಸಿನೀರಿನಲ್ಲಿ ಬೆಂದ ಏಳೆಂಟು ಗೂಡುಗಳ ಎಳೆ ಹಿಡಿದು, ಒಟ್ಟು ಮಾಡಿ, ಒಂದೇ ನೂಲಾಗಿ ಸುತ್ತುವುದು. ಆದರೆ ಗೂಡಿನ ಎಳೆ ಉದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ, ಒಳಕ್ಕೆ ಹೋದ ಹಾಗೆ ತೆಳುವಾಗುತ್ತದೆ. ಒಂದು ಗೂಡು ತೀರಿದ ಗಳಿಗೆಯಲ್ಲೇ ಹೊಸ ಗೂಡಿನ ಎಳೆ ಸೇರಿಸದಿದ್ದರೆ ನೂಲು ಅಲ್ಲಿ ಸೊರಗುತ್ತದೆ. ಅವಸರಪಟ್ಟು ಎರಡು ಸೇರಿಸಿದರೆ ಊದಿಕೊಳ್ಳುತ್ತದೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಅದರ ಡೀನಿಯರ್. 21 ಡೀನಿಯರ್ ನೂಲು ಅಂತ ಹೇಳಿ ಒಂದು ಕಡೆ 15, ಇನ್ನೊಂದು ಕಡೆ 27 ಬಂದರೆ ಸರಾಸರಿಯೇನೋ 21ಕ್ಕೇ ಬರುತ್ತದೆ. ಮಗ್ಗಕ್ಕೆ ಸರಾಸರಿ ಗೊತ್ತಿಲ್ಲ, ಆ 15 ಇರುವ ಜಾಗದಲ್ಲಿ ಎಳೆ ಕಡಿಯುತ್ತದೆ. ವ್ಯಾಪಾರಿ ಬಂದರೆ ದಿನಕ್ಕೆ ಎಷ್ಟು ಕೆಜಿ ತೆಗೆದಿರಿ ಅಂತ ಕೇಳುತ್ತಿರಲಿಲ್ಲ. ಲಡಿ ಬಿಡಿಸಿ ಬೆಳಕಿಗೆ ಹಿಡಿಯುತ್ತಿದ್ದ.

ನಾನು ಇಪ್ಪತ್ತೈದು ವರ್ಷ ನೆಟ್‌ವರ್ಕ್ ಕಾರ್ಡುಗಳಿಗೆ ಡ್ರೈವರ್ ಬರೆದೆ. ಆ ವ್ಯಾಪಾರಿ ನೋಡಿದ ಹಾಗೆ ನನ್ನ ಕೆಲಸವನ್ನು ನಾನು ನೋಡುವುದಕ್ಕೆ ಕಲಿತದ್ದು ಮಾತ್ರ ಕೊನೆಯ ಹತ್ತು ವರ್ಷದಲ್ಲಿ. ನಿನಗೆ ಅಷ್ಟು ತಡ ಆಗಬಾರದು.

ನಿನ್ನ ಕೈಯಲ್ಲಿರುವ ಹೊತ್ತು ಎಷ್ಟು ಸಣ್ಣದು ಅಂತ ಮೊದಲು ಲೆಕ್ಕ ಹಾಕಿಕೋ. 10 ಗಿಗಾಬಿಟ್ ಕಾರ್ಡಿಗೆ 64 ಬೈಟಿನ ಪುಟ್ಟ ಪ್ಯಾಕೆಟ್‌ಗಳೇ ಸಾಲಾಗಿ ಬಂದರೆ ಸೆಕೆಂಡಿಗೆ 1 ಕೋಟಿ 48 ಲಕ್ಷಕ್ಕೂ ಹೆಚ್ಚು. ಒಂದೊಂದಕ್ಕೆ ಸಿಗುವುದು ಸುಮಾರು 67 ನ್ಯಾನೋಸೆಕೆಂಡ್. ಬೇಕಾದ ಮಾಹಿತಿ ಕ್ಯಾಶ್‌ನಲ್ಲಿ ಸಿಗದೆ ಮುಖ್ಯ ಮೆಮೊರಿಗೆ ಒಂದು ಸಲ ಹೋಗಿಬಂದರೆ ಆ ಹೊತ್ತು ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಕಾರ್ಡಿನ ರಿಜಿಸ್ಟರನ್ನು ಪಿಸಿಐ ಎಕ್ಸ್‌ಪ್ರೆಸ್ ದಾಟಿ ಓದಲು ಹೋದೆಯೋ, ಅಷ್ಟರಲ್ಲಿ ಹತ್ತು ಹದಿನೈದು ಪ್ಯಾಕೆಟ್ ಬಾಗಿಲಿಗೆ ಬಂದು ನಿಂತಿರುತ್ತವೆ. ಆದ್ದರಿಂದ ಪ್ಯಾಕೆಟ್ ಓಡುವ ದಾರಿಯಲ್ಲಿ ಕಾರ್ಡನ್ನು ಓದಬೇಡ, ಕಾರ್ಡೇ ಮೆಮೊರಿಗೆ ಬರೆದಿಟ್ಟಿದ್ದನ್ನು ಓದು. ಕಳಿಸುವಾಗಲೂ ಪ್ಯಾಕೆಟ್ಟಿಗೊಂದು ಸಲ ಕಾರ್ಡಿನ ಗಂಟೆ ಬಾರಿಸಬೇಡ, ಹಿಂದೆ ಇನ್ನೂ ಇವೆ ಅಂತ ಲಿನಕ್ಸ್ ಕರ್ನಲ್ ಹೇಳಿದರೆ ಎಲ್ಲ ಜೋಡಿಸಿ ಒಂದೇ ಸಲ ಬಾರಿಸು. ಇದೆಲ್ಲ ನಿನಗೆ ಗೊತ್ತು, ಹನ್ನೆರಡು ಪರ್ಸೆಂಟ್ ಬಂದದ್ದೂ ಇಂಥ ಕಡೆಯಿಂದಲೇ ಇರಬೇಕು.

ನಿನಗೆ ಇನ್ನೂ ಗೊತ್ತಿಲ್ಲದ್ದು ಎಲ್ಲಿ ನಿಲ್ಲಿಸಬೇಕು ಅನ್ನುವುದು.

ರಾಮನಗರದ ಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಹೊತ್ತು ಹೋಗಿದ್ದೀಯಲ್ಲ? ಹೀಗೆ ಊಹಿಸಿಕೋ. ಒಬ್ಬನೇ ಗುಮಾಸ್ತ. ಒಂದೊಂದು ಮೂಟೆ ಬಾಗಿಲಿಗೆ ಬಂದಾಗಲೂ ಯಾರೋ ಗಂಟೆ ಹೊಡೆಯುತ್ತಾರೆ, ಅವನು ಹರಾಜಿನ ಕೆಲಸ ಅರ್ಧಕ್ಕೆ ಬಿಟ್ಟು ಎದ್ದು ಓಡುತ್ತಾನೆ. ಹತ್ತು ಮೂಟೆ ಬರುವ ದಿನ ಇದು ನಡೆಯುತ್ತದೆ. ಸಾವಿರ ಮೂಟೆ ಬರುವ ದಿನ ಅವನು ಎದ್ದು ಕೂತು ಎದ್ದು ಕೂತೇ ಸಂಜೆಯಾಗುತ್ತದೆ, ಒಂದು ಲಾಟಿನ ಹರಾಜೂ ಮುಗಿದಿರುವುದಿಲ್ಲ. ಗೂಡೊಳಗಿನ ಹುಳ ಪತಂಗವಾಗಿ ಗೂಡು ತೂತು ಮಾಡಿ ಹೊರಗೆ ಬರುತ್ತದೆ.

ಗುಮಾಸ್ತ ಅಂದರೆ ಸಿಪಿಯು, ಮೂಟೆ ಅಂದರೆ ಪ್ಯಾಕೆಟ್, ಗಂಟೆ ಅಂದರೆ ಇಂಟರಪ್ಟ್. ಈ ಪಾಡಿಗೆ ನಮ್ಮ ಕಸುಬಿನಲ್ಲಿ ರಿಸೀವ್ ಲೈವ್‌ಲಾಕ್ ಅಂತ ಹೆಸರು. ಜೆಫ್ರಿ ಮೊಗುಲ್ ಮತ್ತು ಕೆ.ಕೆ. ರಾಮಕೃಷ್ಣನ್ 1996ರಲ್ಲಿ ಇದರ ಮೇಲೆ ಒಂದು ಪ್ರಬಂಧ ಬರೆದರು. ರಾಮಕೃಷ್ಣನ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1978ರಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ನೆಟ್‌ವರ್ಕಿನಲ್ಲಿ ಒತ್ತಡ ಹೆಚ್ಚಾದಾಗ ಏನು ಮಾಡಬೇಕೆನ್ನುವುದರ ಮೇಲೇ ಬಹಳ ಕೆಲಸ ಮಾಡಿದವರು. ಆ ಪ್ರಬಂಧದಲ್ಲಿ ರೌಟರಾಗಿ ಕೂರಿಸಿದ ಒಂದು ಯಂತ್ರದ ಅಳತೆ ಇದೆ. ಬರೀ ಪ್ಯಾಕೆಟ್ ಮುಂದಕ್ಕೆ ದಾಟಿಸುವಾಗ ಅದು ಸೆಕೆಂಡಿಗೆ 4,700ರ ತನಕ ಏರಿತು. ಪ್ಯಾಕೆಟ್‌ಗಳನ್ನು ಸೋಸುವ ಒಂದು ಪ್ರೋಗ್ರಾಮನ್ನೂ ಜೊತೆಗೆ ಓಡಿಸಿದರೆ 2,000 ದಾಟುತ್ತಲೇ ಇಳಿಮುಖ, 6,000ದ ಹತ್ತಿರ ಪೂರಾ ಸೊನ್ನೆ. ಯಂತ್ರ ಕೆಟ್ಟಿಲ್ಲ, ನಿಂತಿಲ್ಲ, ಸಿಪಿಯು ನೂರಕ್ಕೆ ನೂರು ದುಡಿಯುತ್ತಿದೆ. ಹೊರಗೆ ಬರುವುದು ಮಾತ್ರ ಏನೂ ಇಲ್ಲ. ನಾನು ಆ ನಕ್ಷೆ ಮೊದಲ ಸಲ ನೋಡಿದಾಗ ನನಗೆ ಗೊತ್ತಿರುವ ಎರಡು ಮೂರು ಆಫೀಸುಗಳು ನೆನಪಾದವು.

ಅವರು ಹೇಳಿದ ಮದ್ದೂ ಸರಳ. ಮೊದಲ ಗಂಟೆಗೆ ಎದ್ದು ಹೋಗು, ಹೋದ ಮೇಲೆ ಗಂಟೆ ಕಟ್ಟಿಹಾಕು, ಲೆಕ್ಕದಷ್ಟು ಮೂಟೆ ಒಳಗೆ ತೆಗೆದುಕೋ, ಮತ್ತೆ ಹರಾಜಿಗೂ ಹೊತ್ತು ಕೊಡು. ಜಾಗ ಇಲ್ಲದಿದ್ದರೆ ಮೂಟೆಯನ್ನು ಬಾಗಿಲಲ್ಲೇ ತಡೆ. ಒಳಗೆ ಹೊತ್ತು ತಂದು, ತೂಗಿ, ಚೀಟಿ ಬರೆದು ಆಮೇಲೆ ಎಸೆಯುವುದಕ್ಕಿಂತ ಅದೇ ಮೇಲು. ಲಿನಕ್ಸ್‌ನಲ್ಲಿ ಇದೇ ದಾರಿ ನ್ಯಾಪಿ ಅನ್ನುವ ಹೆಸರಿನಲ್ಲಿ ಬಂತು. ಜಮಾಲ್ ಹಾದಿ ಸಲೀಂ, ರಾಬರ್ಟ್ ಓಲ್ಸನ್, ಅಲೆಕ್ಸಿ ಕುಜ್ನೆತ್ಸೊವ್ 2001ರಲ್ಲಿ ಅದನ್ನು ವಿವರಿಸಿ ಬರೆದಿದ್ದಾರೆ. ನಿನ್ನ ಡ್ರೈವರಿನ ಪೋಲ್ ಫಂಕ್ಷನ್ನಿಗೆ ಬರುವ ಆ 64ರ ಬಜೆಟ್ ಇದೆಯಲ್ಲ, ಅದು ಈ ವಿವೇಕದ ಅಂಕಿ. ನಿನ್ನ ಕೋಡಿನಲ್ಲಿ ನೀನು ಅದನ್ನು ಸುತ್ತಿ ಬಳಸಿ ಮೀರಿದ್ದೀಯ ಅಂತ ನನ್ನ ಗುಮಾನಿ. "ಇನ್ನೊಂದಿಷ್ಟು ರಿಂಗಿನಲ್ಲಿದ್ದವು, ತೆಗೆದುಬಿಟ್ಟೆ" ಅಂತ, ಪ್ಯಾಕೆಟ್‌ಗಳು ಸರದಿ ಕಾಯುವ ಆ ಸಾಲಿನ ಬಗ್ಗೆ ನೀನೇ ಹೇಳಿದೆ. ಹಾಗೆ ಮಾಡಬೇಡ. 64 ಪೂರ್ತಿಯಾದರೆ 64 ಅಂತ ಹೇಳಿ ಸುಮ್ಮನೆ ವಾಪಸ್ ಬಾ, ಇಂಟರಪ್ಟ್ ತೆರೆಯಬೇಡ, ಕರ್ನಲ್ ನಿನ್ನನ್ನು ಮತ್ತೆ ಕರೆಯುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಮುಗಿಯಿತು ಅಂತ ತಿಳಿಸಿ, ಆಮೇಲೆ ಇಂಟರಪ್ಟ್ ತೆರೆ. ಬಜೆಟ್ ಸೊನ್ನೆ ಅಂತ ಕೊಟ್ಟು ಕರೆದರೆ ಬಂದ ಪ್ಯಾಕೆಟ್ಟನ್ನು ಮುಟ್ಟಲೇಬೇಡ, ಕಳಿಸಿದ್ದರ ಲೆಕ್ಕ ಮಾತ್ರ ತೀರಿಸು. ನಿನ್ನ ಕಾರ್ಡಿನ ಪರೀಕ್ಷೆಯಲ್ಲಿ ಆಸೆಬುರುಕತನ ಗೆಲ್ಲುತ್ತದೆ, ಯಾಕೆಂದರೆ ಆ ಯಂತ್ರದಲ್ಲಿ ನಿನ್ನ ಕಾರ್ಡು ಒಂದೇ ಇದೆ. ಗಿರಾಕಿಯ ಯಂತ್ರದಲ್ಲಿ ಡಿಸ್ಕ್ ಇದೆ, ಡೇಟಾಬೇಸ್ ಇದೆ, ಪಕ್ಕದಲ್ಲಿ ಇನ್ನೊಂದು ಕಾರ್ಡಿದೆ. ಅವರ ಪಾಲಿನ ಹೊತ್ತು ಕದ್ದು ನೀನು ಗಳಿಸಿದ್ದು ಆ ಹನ್ನೆರಡು.

ಈಗ ನನ್ನ ತಪ್ಪೊಂದು ಹೇಳುತ್ತೇನೆ. ಯಾವ ಕಂಪನಿ ಅಂತ ಬೇಡ.

ಪ್ಯಾಕೆಟ್ ಕಳಿಸುವ ರಿಂಗ್ ತುಂಬಿದಾಗ ಕ್ಯೂ ನಿಲ್ಲಿಸಬೇಕು. ಅದರ ಕ್ರಮ ಹೀಗೆ: ನಿಂತಿದೆ ಅಂತ ಗುರುತು ಹಾಕು, ನಡುವೆ ಒಂದು ಮೆಮೊರಿ ಬ್ಯಾರಿಯರ್ ಇಡು, ಆಮೇಲೆ ಜಾಗ ಖಾಲಿಯಾಗಿದೆಯಾ ಅಂತ ಇನ್ನೊಂದು ಸಲ ನೋಡು. ಆ ಬ್ಯಾರಿಯರ್ ನನ್ನ ಕಣ್ಣಿಗೆ ದಂಡ ಅನ್ನಿಸಿತು. ತೆಗೆದೆ. ಅಂಕಿ ಸ್ವಲ್ಪ ಏರಿತು. ರಾತ್ರಿಯಿಡೀ ಓಡಿಸಿದೆ, ಏನೂ ಆಗಲಿಲ್ಲ. ನಮ್ಮದು ಇಂಟೆಲ್ ಪ್ರೊಸೆಸರ್, ಮೆಮೊರಿ ಕ್ರಮವನ್ನು ಅದು ಬಿಗಿಯಾಗಿ ಪಾಲಿಸುತ್ತದೆ ಅನ್ನುವ ಅರೆಬರೆ ಜ್ಞಾನ ಬೇರೆ ಧೈರ್ಯ ಕೊಟ್ಟಿತ್ತು. ಬರೆದದ್ದು ಹೊರಗೆ ಕಾಣುವ ಮೊದಲೇ ಮುಂದಿನದನ್ನು ಓದಿಬಿಡುವ ಒಂದು ಸಡಿಲ ಅದರಲ್ಲೂ ಇದೆ, ನನಗೆ ಬೇಕಾಗಿದ್ದ ಬ್ಯಾರಿಯರ್ ಸರಿಯಾಗಿ ಅದಕ್ಕೇ ಇಟ್ಟಿದ್ದು. ನಾನು ಗುರುತು ಹಾಕುವ ಗಳಿಗೆಯಲ್ಲೇ ಇನ್ನೊಂದು ಸಿಪಿಯು ಕಳಿಸಿದ್ದರ ಲೆಕ್ಕ ತೀರಿಸಿ, ಕ್ಯೂ ಓಡುತ್ತಲೇ ಇದೆ ಅಂದುಕೊಂಡು, ಎಬ್ಬಿಸದೆ ಹೊರಟುಹೋಯಿತು. ಆ ಸಿಪಿಯು ಬಂದು ಎಬ್ಬಿಸಲಿ ಅಂತ ಕ್ಯೂ, ಕ್ಯೂ ಏನಾದರೂ ಕಳಿಸಲಿ ಅಂತ ಆ ಸಿಪಿಯು. ಮದುವೆ ಮನೆಯಲ್ಲಿ ಬೀಗರಿಬ್ಬರೂ ನೀವು ಮೊದಲು ಕೂತ್ಕೊಳ್ಳಿ ಅಂತ ನಿಂತೇ ಇರುವ ಹಾಗೆ. ಗಿರಾಕಿಯ ನೂರಾರು ಯಂತ್ರಗಳಲ್ಲಿ ನಾಲ್ಕನೇ ದಿನ ಒಂದು ಹೀಗೆ ನಿಂತಿತು. ಐದು ಸೆಕೆಂಡ್ ಆದಮೇಲೆ ಕಾವಲು ಟೈಮರ್ ನೋಡಿ ಕಾರ್ಡನ್ನು ಮತ್ತೆ ಎಬ್ಬಿಸಿತು. ಆರನೇ ದಿನ ಇನ್ನೊಂದು. ಕಾರಣ ಹುಡುಕಲು ನನಗೆ ಐದು ವಾರ ಹಿಡಿಯಿತು, ಅದರಲ್ಲಿ ಮೂರು ವಾರ ಕೇಬಲ್ಲನ್ನೂ ಸ್ವಿಚ್ಚನ್ನೂ ಬೈದೆ.

ನಾನು ಆಗ ಚನ್ನಪಟ್ಟಣದಿಂದ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆ. ಬಸ್ಸು ಕೆಲವು ದಿನ ರೈಲಿಗಿಂತ ಬೇಗ ತಲುಪಿಸುತ್ತಿತ್ತು, ಕೆಲವು ದಿನ ಬಿಡದಿಯಲ್ಲೇ ಅರ್ಧ ದಿನ ಕಳೆಯುತ್ತಿತ್ತು. ಆದರೂ ನಾನೂ ನನ್ನ ಜೊತೆಯವರೂ ರೈಲನ್ನೇ ಹಿಡಿಯುತ್ತಿದ್ದೆವು. ಹೊತ್ತಿಗೆ ಸರಿಯಾಗಿ ಬರುತ್ತದೆ ಅನ್ನುವ ಭರವಸೆಗೆ ಬೆಲೆ ಇದೆ ಅಂತ ನನ್ನ ಕಾಲಿಗೆ ಗೊತ್ತಿತ್ತು, ಕೋಡ್ ಬರೆಯುವ ಕೈಗೆ ಗೊತ್ತಿರಲಿಲ್ಲ.

ರಿಂಗ್ ದೊಡ್ಡದು ಮಾಡಿದರೆ ಪ್ಯಾಕೆಟ್ ಬೀಳುವುದು ನಿಲ್ಲುತ್ತದೆ ಅಂತ ನೀನೂ ಒಂದು ದಿನ ಯೋಚಿಸುತ್ತೀಯ. ಲೆಕ್ಕ ಹಾಕು. 1,500 ಬೈಟಿನ 1,024 ಪ್ಯಾಕೆಟ್ ಸಾಲಿನಲ್ಲಿ ನಿಂತಿವೆ, ಮುಂದಿರುವ ತಂತಿ 100 ಮೆಗಾಬಿಟ್‌ನದು. ಸಾಲಿನ ಕೊನೆಯವನ ಸರದಿ ಬರುವುದು 123 ಮಿಲಿಸೆಕೆಂಡ್ ಆದಮೇಲೆ. ಆ ಕೊನೆಯವನು ಯಾರದೋ ಫೋನ್ ಮಾತಿನ ಒಂದು ತುಣುಕಾಗಿದ್ದರೆ? 2012ರಲ್ಲಿ ಲಿನಕ್ಸ್ 3.3ಕ್ಕೆ ಟಾಮ್ ಹರ್ಬರ್ಟ್ ಇದಕ್ಕೊಂದು ಕಡಿವಾಣ ಸೇರಿಸಿದರು. ಸಾಲಿನಲ್ಲಿ ಎಷ್ಟು ಬೈಟ್ ನಿಲ್ಲಬಹುದು ಅಂತ ಅದು ತಾನೇ ಅಳೆದು ಮಿತಿ ಹಾಕುತ್ತದೆ. ಡ್ರೈವರಿನಲ್ಲಿ ಅದಕ್ಕೆ ಬೇಕಾದದ್ದು ಎರಡೇ ಕರೆ: ಕಳಿಸುವಾಗ ಇಷ್ಟು ಹಾಕಿದೆ ಅಂತ, ಮುಗಿದಾಗ ಇಷ್ಟು ಹೋಯಿತು ಅಂತ. ಎರಡರ ಲೆಕ್ಕವೂ ಒಂದು ಬೈಟ್ ತಪ್ಪದೆ ತಾಳೆಯಾಗಬೇಕು, ಕಾರ್ಡನ್ನು ರೀಸೆಟ್ ಮಾಡಿದಾಗ ಲೆಕ್ಕವನ್ನೂ ಸೊನ್ನೆ ಮಾಡಬೇಕು. ಈ ಕೊನೆಯದನ್ನು ಮರೆಯುವವರೇ ಹೆಚ್ಚು.

ಇನ್ನು ನೀನು ಬಿಟ್ಟ ಆ ಮೂರನೇ ಸಲದ ವಿಷಯ. ಅದು ಕೆಟ್ಟ ಅಳತೆ ಅಲ್ಲ. ನಿನ್ನ ಡ್ರೈವರ್ ಬಾಯಿಬಿಟ್ಟು ಏನೋ ಹೇಳಿದ್ದು ಆ ಒಂದೇ ಸಲ ಇರಬಹುದು. ಇಂಟರಪ್ಟ್ ಆ ಸಲ ಬೇರೆ ಸಿಪಿಯುಗೆ ಹೋಗಿತ್ತೇ? ಕಾರ್ಡು ಒಂದು ಪ್ರೊಸೆಸರಿನ ಕಡೆ, ಮೆಮೊರಿ ಇನ್ನೊಂದರ ಕಡೆ ಬಿದ್ದಿತ್ತೇ? ಪ್ರೊಸೆಸರ್ ಬಿಡುವಾಗಿದ್ದಾಗ ಆಳವಾಗಿ ನಿದ್ದೆ ಹೋಗಿ ಏಳಲು ತಡ ಮಾಡಿತೇ? ಎರಡು ಸಿಪಿಯುಗಳು ಎಣಿಕೆ ಬರೆಯುವ ಜಾಗ ಒಂದೇ 64 ಬೈಟಿನ ಕ್ಯಾಶ್ ಸಾಲಿನಲ್ಲಿ ಬಿದ್ದು ಕಿತ್ತಾಡುತ್ತಿದ್ದವೇ? ಇವನ್ನು ಒಂದೊಂದಾಗಿ ಕಟ್ಟಿಹಾಕಿ ನೋಡು. ಕಟ್ಟಿಹಾಕಿದಾಗ ಬಂದ ಅಂಕಿ ಬೇರೆ ಬರೆದುಕೋ, ಕಟ್ಟು ಬಿಚ್ಚಿದಾಗ ಬಂದದ್ದು ಬೇರೆ. ಗಿರಾಕಿ ಬಳಸುವುದು ಬಿಚ್ಚಿದ್ದನ್ನೇ.

ತಪ್ಪು ಯಾವಾಗಲೂ ನಿನ್ನ ಡ್ರೈವರಿನದೇ ಅಂತಲೂ ತಿಳಿಯಬೇಡ. 2008ರಲ್ಲಿ ಲಿನಕ್ಸ್ 2.6.27 ಇನ್ನೂ ಪರೀಕ್ಷೆಯಲ್ಲಿದ್ದಾಗ ಇಂಟೆಲ್‌ನ ಕೆಲವು ಕಾರ್ಡುಗಳ ಶಾಶ್ವತ ಮೆಮೊರಿಯೇ ಅಳಿಸಿಹೋಗತೊಡಗಿತು, ಕಾರ್ಡು ಕೆಲಸಕ್ಕೆ ಬಾರದಾಯಿತು. ಎಲ್ಲರೂ ಇ1000ಇ ಡ್ರೈವರನ್ನು ಹಿಡಿದು ಜಾಲಾಡಿದರು. ಕೊನೆಗೆ ಸಿಕ್ಕಿದ್ದು ಎಫ್‌ಟ್ರೇಸ್ ಎಂಬ, ಕರ್ನಲ್ಲಿನ ನಡೆ ಗಮನಿಸಲೆಂದು ಸೇರಿಸಿದ್ದ ಸಲಕರಣೆ. ಖಾಲಿಯಾಗಿದ್ದ ಜಾಗಕ್ಕೆ ಅದು ಬರೆಯುತ್ತಿತ್ತು, ಆ ಜಾಗದಲ್ಲಿ ಅಷ್ಟು ಹೊತ್ತಿಗೆ ಕಾರ್ಡು ಬಂದು ಕೂತಿತ್ತು. ಅಳೆಯುವ ಕೋಲನ್ನೂ ಒಮ್ಮೆ ಅಳೆದು ನೋಡು ಅಂತ ನಾನು ಹೇಳುವುದು ಇದಕ್ಕೇ.

ಬರವಣಿಗೆಯ ಅಂದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಿನಕ್ಸ್ ನೆಟ್‌ವರ್ಕ್ ಕೋಡಿನಲ್ಲಿ ಫಂಕ್ಷನ್ನಿನ ತಲೆಯಲ್ಲಿ ವೇರಿಯಬಲ್ ಘೋಷಿಸುವಾಗ ಉದ್ದದ ಸಾಲು ಮೊದಲು, ಗಿಡ್ಡದ್ದು ಕೊನೆಗೆ ಬರೆಯುವ ಪದ್ಧತಿ ಇದೆ. ನೀನು ಅದನ್ನು ನೋಡಿ ನಕ್ಕೆ. ನನಗೂ ಮೊದಲು ನಗು ಬಂದಿತ್ತು. ಅದಕ್ಕಿಂತ ಮುಖ್ಯವಾದ ಒಂದಿದೆ: ಬಿದ್ದುಹೋದ ಪ್ಯಾಕೆಟ್‌ಗಳ ಎಣಿಕೆಗೆ ನಿನ್ನದೇ ಹೊಸ ಹೆಸರಿಡಬೇಡ. ಒಬ್ಬೊಬ್ಬ ಡ್ರೈವರಿನವನೂ ಒಂದೊಂದು ಹೆಸರಿಟ್ಟು, ನಡುರಾತ್ರಿ ಎದ್ದು ಬಂದು ಯಂತ್ರ ನೋಡುವವನಿಗೆ ಯಾವುದು ಕಾರ್ಡಿನಲ್ಲಿ ಬಿದ್ದದ್ದು, ಯಾವುದು ಜಾಗವಿಲ್ಲದೆ ಬಿದ್ದದ್ದು ಅಂತ ತಿಳಿಯದ ಹಾಗೆ ಮಾಡಿಟ್ಟಿದ್ದೇವೆ. ಎಲ್ಲರಿಗೂ ಗೊತ್ತಿರುವ ಹೆಸರಿನಲ್ಲಿ, ಗೊತ್ತಿರುವ ಜಾಗದಲ್ಲಿ ಎಣಿಸು.

ನಾಡಿದ್ದು ಆಫೀಸಿಗೆ ಹೋದಾಗ ಪೋಲ್ ಫಂಕ್ಷನ್ನಿನಲ್ಲಿ ನೀನು ಸೇರಿಸಿದ್ದನ್ನು ತೆಗೆದು ಹತ್ತು ಸಲ ಓಡಿಸು, ಇಟ್ಟು ಹತ್ತು ಸಲ ಓಡಿಸು. ಕಾರ್ಡಿಗೆ ತಡೆಯಲಾರದಷ್ಟು ಪ್ಯಾಕೆಟ್ ಸುರಿದೂ ಒಂದು ಸಲ ನೋಡು. ಇಪ್ಪತ್ತರ ಅಂಕಿಯನ್ನೂ ಒಂದು ಹಾಳೆಯಲ್ಲಿ ಬರೆದು ಭಾನುವಾರ ತಗೊಂಡು ಬಾ, ಸರಾಸರಿ ಬೇಡ. ಹೋದ ವಾರ ಬಿಟ್ಟ ಆ ಮೂರನೆಯದೂ ಹಾಳೆಯ ಮೇಲಿರಲಿ.

ನಿಮ್ಮ ಮಾವ