ಅಪ್ಪನ ಕಾಯಿಲೆ ನನಗೂ ಬರುತ್ತದೆಯೇ?

ತಂದೆಯವರದು ಹಂಟಿಂಗ್ಟನ್ ಕಾಯಿಲೆ ಎಂದು ಜೀನ್ ಪರೀಕ್ಷೆಯಲ್ಲೇ ಖಚಿತವಾಗಿದ್ದರೆ, ನಿಮಗೆ ಅದು ಬಂದಿರುವ ಸಾಧ್ಯತೆ ಶೇ 50. ಅಣ್ಣನಿಗೆ ಬಂದಿದೆ, ಹಾಗಾಗಿ ನಾನು ಪಾರಾದೆನೇನೋ ಎಂದು ಬರೆದಿದ್ದೀರಿ. ಆ ಲೆಕ್ಕ ಸರಿಯಲ್ಲ. ಪ್ರತಿ ಮಗುವಿಗೂ ನಾಣ್ಯ ಹೊಸದಾಗಿ ಚಿಮ್ಮಿದಂತೆ. ಹೆಣ್ಣುಮಕ್ಕಳಿಗೆ ಬರುವುದಿಲ್ಲ ಎಂಬ ನೆಂಟರ ಮಾತನ್ನೂ ಕಿವಿಗೆ ಹಾಕಿಕೊಳ್ಳಬೇಡಿ.

ಈ ಜೀನನ್ನು ಹುಡುಕಿದವರಲ್ಲಿ ನ್ಯಾನ್ಸಿ ವೆಕ್ಸ್ಲರ್ ಒಬ್ಬರು. ಅವರ ತಾಯಿಗೇ ಈ ಕಾಯಿಲೆಯಿತ್ತು. ವೆನೆಜುವೆಲಾದ ಮರಕೈಬೊ ಸರೋವರದ ದಂಡೆಯ ಕುಟುಂಬಗಳ ವಂಶಾವಳಿ ಬರೆದು, ರಕ್ತದ ಮಾದರಿ ಕೂಡಿಟ್ಟರು. ಜೀನ್ 4ನೇ ಕ್ರೋಮೋಸೋಮಿನಲ್ಲಿದೆ ಎಂದು 1983ರಲ್ಲೇ ಗೊತ್ತಾದರೂ ಕೈಗೆ ಸಿಕ್ಕಿದ್ದು 1993ರಲ್ಲಿ! ಅದರಲ್ಲಿ ಸಿಎಜಿ ಎಂಬ ಮೂರಕ್ಷರ 40 ಅಥವಾ ಹೆಚ್ಚು ಸಲ ಮರುಕಳಿಸಿದರೆ ಕಾಯಿಲೆ ಬಹುತೇಕ ನಿಶ್ಚಿತ. ಯಾವ ವಯಸ್ಸಿಗೆ ಎಂಬುದನ್ನು ಪರೀಕ್ಷೆ ನಿಖರವಾಗಿ ಹೇಳದು.

ಪರೀಕ್ಷೆ ಮಾಡಿಸಲೇಬೇಕೆಂದು ನಾನು ಹೇಳಲಾರೆ. ರೋಗವನ್ನು ಬುಡಸಮೇತ ಕೀಳುವ ಮದ್ದಿಲ್ಲ. ವೆಕ್ಸ್ಲರ್ ಅವರೇ ತಮಗೆ ಪರೀಕ್ಷೆ ಬೇಡವೆಂದಿದ್ದರು. ನಿಮ್ಮ ಮದುವೆ ಮಾತುಕತೆಯ ಅವಸರದಲ್ಲಂತೂ ರಕ್ತ ಕೊಡಬೇಡಿ. ಮೊದಲು ನಿಮ್ಹಾನ್ಸ್‌ನಂಥ ಕಡೆ ತಂದೆಯವರ ವರದಿಯೊಂದಿಗೆ ಹೋಗಿ ಆನುವಂಶಿಕ ಸಮಾಲೋಚನೆ ಪಡೆಯಿರಿ. ಹುಡುಗನಿಂದ ಮಾತ್ರ ತಂದೆಯ ಕಾಯಿಲೆಯನ್ನು ಮುಚ್ಚಿಡಬೇಡಿ.